ಹಾಳೆಗೆ ಬಾರದ ಒಂದು ಗಂಟೆ

ಪ್ರೀತಿಯ ಭಾವ,

ಈ ಕಥೆಯನ್ನು ಮೊದಲು ಹೇಳಿದ್ದು ನಮ್ಮ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವ ನಟ್ಟು ತಾತ, ಮೊನ್ನೆ ಸೋಮವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಕೇಳಿದವರು ದೂರು ಬರೆದುಕೊಳ್ಳುವ ಮೇಡಂ, ನಿಮ್ಮ ಜೊತೆಯ ಮೂವರು ಮೆಕ್ಯಾನಿಕ್‌ಗಳು ಮತ್ತು ನಾನು. ನೀವು ಆಗ ಯಾವುದೋ ಆಸ್ಪತ್ರೆಗೆ ರಿಪೇರಿಗೆ ಹೋಗಿದ್ದಿರಿ. ಕೇಳಿದಾಗಿನಿಂದ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ನನ್ನ ಕೆಲಸವೇನೆಂದು ಅಕ್ಕ ಕೇಳಿದರೆ ನೀವು, "ಕಂಪ್ಯೂಟರಲ್ಲಿ ಬೊಂಬೆ ಆಡಿಸ್ತಾನೆ" ಅನ್ನುತ್ತೀರಿ. ಸುಳ್ಳಲ್ಲ. ಬೊಂಬೆ ಆಸ್ಪತ್ರೆ, ಆಗಾಗ ಕೆಡುವ ಬೊಂಬೆ ಯಂತ್ರ, ಅಲ್ಲಿಗೆ ಓಡುವ ಬೊಂಬೆ ಮೆಕ್ಯಾನಿಕ್. ಒಂದು ವರ್ಷದ ಓಡಾಟವನ್ನು ಐದು ನಿಮಿಷದಲ್ಲಿ ಓಡಿಸಿ, ಎಷ್ಟು ಜನ ಬೇಕೆಂದು ನೋಡುತ್ತೇನೆ. ರಿಪೇರಿಗೆ ಹಿಡಿಯುವ ಹೊತ್ತನ್ನು ನೀವು ನಾಲ್ವರು ಬರೆದ ಭೇಟಿಯ ಹಾಳೆಗಳಿಂದಲೇ ತೆಗೆದುಕೊಂಡೆ. ಸಾವಿರ ಸಲ ಓಡಿಸಿದೆ. ಪ್ರತಿಸಲವೂ ಮೂವರು ಸಾಕು ಎಂದಿತು. ವರದಿ ಕೊಟ್ಟೆ. ಹೆಚ್ಚಾದ ಆ ಒಬ್ಬರನ್ನು ಕೆಲಸದಿಂದ ತೆಗೆಯಲು ಮ್ಯಾನೇಜರ್ ಪಟ್ಟಿ ನೋಡಿದಾಗ, ವಯಸ್ಸಿನ ಕಾರಣಕ್ಕೆ ನಿಮ್ಮ ಹೆಸರಿನ ಮುಂದೆ ಗುರುತು ಬಿತ್ತು. ಉಂಡ ಮನೆಗೆ ಎರಡು ಬಗೆದವನಾದೆ. ಅಕ್ಕನ ಮುಖ ನೋಡಲಾಗದೆ ನಿಮ್ಮ ಮನೆ ಕಡೆ ತಲೆ ಹಾಕಿಲ್ಲ.

ತಾತ ಹೇಳಿದ್ದು ಇಷ್ಟು: "ಇವನ ಭಾವ ಡಯಾಲಿಸಿಸ್ ಯಂತ್ರ ರಿಪೇರಿ ಮಾಡಿದ್ದು ನಲವತ್ತೇ ನಿಮಿಷ. ಹಾಳೆಗೆ ಸಹಿ ಆದ ಮೇಲೂ ಎದ್ದು ಬರಲಿಲ್ಲ. ಮೊದಲನೇ ರೋಗಿ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತ. ನರ್ಸಮ್ಮ, 'ಯಾಕಪ್ಪ, ಮನೇಲಿ ಬೈತಾರಾ?' ಅಂದ್ಳು. ಇವನು, 'ಅಲ್ಲಿ ಬೈಯೋದು ಗೊತ್ತಾಗುತ್ತೆ ತಾಯಿ, ಈ ಪಂಪ್ ಏನಂತಿದೆ ಗೊತ್ತಾಗ್ತಿಲ್ಲ' ಅಂದ. ಐವತ್ತನೇ ನಿಮಿಷಕ್ಕೆ ಅದರ ಸದ್ದು ಬದಲಾಯ್ತು. ಅಲಾರಂ ಕೂಗೋಕೆ ಮುಂಚೆನೇ ಯಂತ್ರ ನಿಲ್ಲಿಸಿದ."

ಆ ಗಂಟೆ ಹಾಳೆಯಲ್ಲಿ ಯಾಕಿಲ್ಲ ಎಂದೆ. "ಸುಮ್ನೆ ಕೂತಿದ್ದಕ್ಕೂ ಸಂಬಳನಾ ಅಂತ ಹಳೇ ಮ್ಯಾನೇಜರ್ ಬೈದಿದ್ರು. ಅವತ್ತಿಂದ ನಾಲ್ಕೂ ಜನ ಬರೆಯೋದು ಬಿಟ್ರು. ಕೂರೋದು ಬಿಡಲಿಲ್ಲ" ಎಂದ. ನನ್ನ ಬೊಂಬೆಗಳೋ, ಸಹಿಯಾದ ಕ್ಷಣವೇ ಎದ್ದು ಓಡುತ್ತಿದ್ದವು.

ಅಂದೇ ಮ್ಯಾನೇಜರ್ ಬಳಿ ಹೋಗಿ ನನ್ನ ವರದಿ ತಪ್ಪು ಎಂದೆ. "ಬಾಯಿಮಾತು ಬೇಡಪ್ಪ. ಶನಿವಾರದೊಳಗೆ ಹಾಳೆ ತೋರ್ಸು" ಎಂದರು. ನಾನಾಗಿಯೇ ಒಂದು ಗಂಟೆ ಸೇರಿಸಿದರೆ, ಭಾವನಿಗೆಂದು ಸೇರಿಸಿದ ಎನ್ನುತ್ತಾರೆ. ನೀವೇ ಬರೆಯಬೇಕು. ನಿಮ್ಮ ಅಭಿಮಾನ ನನಗೆ ಗೊತ್ತು, ಅದಕ್ಕೇ ಎದುರು ನಿಂತು ಹೇಳುವ ಧೈರ್ಯವಾಗದೆ ಬರೆಯುತ್ತಿದ್ದೇನೆ.

ನಿಮ್ಮ ಕೈಗೆ ಎಂದೂ ಕೆಲಸ ತಪ್ಪದಿರಲಿ. ಅಕ್ಕನಿಗೆ ನೀವೇ ಹೇಳಿ, ನಾನು ಬಂದು ಬೈಸಿಕೊಳ್ಳುತ್ತೇನೆ.

ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರೆಂದು ನಿಮಗೆ ಯಾರೂ ಹೇಳಿರಲಾರರು. ಮೇಡಂ ಹಾಳೆಯಲ್ಲಿ ಸ್ಕೇಲಿಟ್ಟು 'ಕೂತು ನೋಡಿದ ಹೊತ್ತು' ಎಂದು ಹೊಸ ಚೌಕ ಎಳೆದರು. ನೀವು ಹೋದರೆ ತಮ್ಮ ಕೆಲಸ ಉಳಿಯುತ್ತದೆಂದು ಗೊತ್ತಿದ್ದೂ ಆ ಮೂವರು ಅದನ್ನು ತುಂಬಿ ಕಳಿಸಿದರು: ಐವತ್ತೈದು ನಿಮಿಷ, ಒಂದು ಗಂಟೆ, ಒಂದು ಗಂಟೆ ಹತ್ತು. ನಾಲ್ಕನೆಯ ಹಾಳೆಯಲ್ಲಿ ಆ ಚೌಕಕ್ಕೆ ಅಡ್ಡಗೆರೆ ಎಳೆದಿತ್ತು. ಅದು ನಿಮ್ಮದು.

ಇಂತಿ,
ನಿಮ್ಮ ದಾರಿ ಕಾಯುವ ಭಾವಮೈದ