ಗುರುವಾರ ಹನ್ನೊಂದೂ ನಲವತ್ತರ ಲಾಗಿನ್

ದೊಡ್ಡಮಳೂರು
16-11-2025, ಭಾನುವಾರ

ಅಸ್ರಾ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಆ ಮಾತು ಬಳಸುವ ಹಕ್ಕು ನನಗಿನ್ನೂ ಉಳಿದಿದೆಯೋ ಇಲ್ಲವೋ ಎನಿಸಿ ಆ ಹಾಳೆ ಹರಿದುಹಾಕಿದೆ. ಹೇಗಿದ್ದೀಯ? ನೀನು ನನ್ನ ನಂಬರ್ ಬ್ಲಾಕ್ ಮಾಡಿ ಮೂರು ವರ್ಷವಾಯಿತು, ಅದಕ್ಕೇ ಈ ಕಾಗದ. ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ಕಳಿಸಿದ್ದನ್ನು ಆಮೇಲೆ ಹೆದರಿ ನಾನೇ ಅಳಿಸಿಬಿಟ್ಟೇನು. ಪೋಸ್ಟ್ ಡಬ್ಬಿಗೆ ಹಾಕಿದ ಮೇಲೆ ಆ ದಾರಿ ಇರುವುದಿಲ್ಲ. ಪೆನ್ನು ಹಿಡಿದು ಎಷ್ಟೋ ಕಾಲವಾಗಿದೆ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಸಹಿಸಿಕೊಂಡು ಓದು.

ಸುಸ್ತಾಗಿದ್ದೇನೆ ಕಣೆ. ನಾವಿಬ್ಬರೂ ಸೇರಿ ಬಾಡಿಗೆಗೆ ಹಿಡಿದ ಆ ಸರ್ವರನ್ನು ಈಗ ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಬೆಳಗ್ಗೆ ಮುಖ ತೊಳೆಯುವ ಮುಂಚೆ ಅದು ಎದ್ದಿದೆಯೋ ಮಲಗಿದೆಯೋ ನೋಡಬೇಕು. ಹನ್ನೊಂದು ಅಂಗಡಿಗಳ ವೆಬ್‌ಸೈಟುಗಳು ಅದರೊಳಗಿವೆ. ಯಾವ ದೇಶದವರೋ ಏನೋ, ದಿನಕ್ಕೆ ಸಾವಿರಾರು ಸಲ ಬಂದು ಬಾಗಿಲು ತಳ್ಳಿ ನೋಡಿ ಹೋಗುತ್ತಾರೆ. ಅಪ್‌ಡೇಟ್ ಹಾಕದಿದ್ದರೆ ಕಳ್ಳರ ಭಯ, ಹಾಕಿದರೆ ಯಾವುದಾದರೊಂದು ಸೈಟು ಮುರಿದುಕೊಂಡು ಕೂರುತ್ತದೆ. ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನ ರೇಣುಕಾಪ್ರಸಾದ್ ಒಂದಿಷ್ಟೂ ಬದಲಾಗಿಲ್ಲ. ಪುಟ ತೆರೆಯುವುದು ಎರಡು ಸೆಕೆಂಡು ತಡವಾದರೆ ಸಾಕು, “ಏನಮ್ಮ ನೇತ್ರಾ, ನಮ್ ಸೈಟು ಇನ್ನೂ ಹಿಟ್ಟು ರುಬ್ತಾ ಐತಲ್ಲ” ಎಂದು ಫೋನು ಮಾಡುತ್ತಾರೆ. ನಮ್ಮಮ್ಮ ವಿಮಲಮ್ಮನೋ, “ನಾಳೆ ಗಂಡು ನೋಡಾಕೆ ಬಂದ್ರೂ ಮೊದ್ಲು ಆ ಫೋನೇ ನೋಡ್ತೀಯ ಕಣೆ ನೀನು” ಎನ್ನುತ್ತಾಳೆ. ನಗು ಬರುವುದಿಲ್ಲ. ಮೊದಲೆಲ್ಲ ಇಬ್ಬರೂ ಬೈದುಕೊಂಡು ನಗುತ್ತಿದ್ದೆವು, ಅದರಲ್ಲೇ ಅರ್ಧ ಕೆಲಸ ಮುಗಿಯುತ್ತಿತ್ತು.

ನಿನಗೆ ಗೊತ್ತಿರುವುದನ್ನೇ ಇನ್ನು ಮುಂದೆ ಬಿಡಿಸಿ ಬರೆಯುತ್ತೇನೆ. ಬೇಸರಪಡಬೇಡ. ಈ ಕಾಗದವನ್ನು ನಿನ್ನ ಅಬ್ಬಾನೂ ಓದಬೇಕು, ಬೊಂಬೆ ಮಾಡುವವರ ಸಂಘದವರೂ ಕೇಳಬೇಕು.

ಸಂಘದ ಸೈಟು ಶುರುಮಾಡಿದ ದಿನ ನಿನ್ನ ಅಬ್ಬಾ ಬಾಬಾಜಾನ್ ಅವರು ಬೊಂಬೆ ಕಡೆಯುವ ಲೇತು ನಿಲ್ಲಿಸಿ, ಬೆರಳಿಗೆ ಅಂಟಿದ ಅರಗು ಕೆರೆದುಕೊಳ್ಳುತ್ತಾ ಕೇಳಿದ್ದರು, “ಅದೆಲ್ಲಾ ಸರಿ, ನಮ್ ಬೊಂಬೆ ಫೋಟೋ ಇರೋದು ಎಲ್ಲಮ್ಮ?” ನೀನು ಹೇಳಿದೆ, “ಅದು ವಠಾರ ಇದ್ದಂಗೆ ಅಬ್ಬಾ. ಕಟ್ಟಡ ಇನ್ಯಾರ್ದೋ, ಒಳಗೊಂದು ಮನೆ ಬಾಡ್ಗೆಗೆ ನಮ್ದು. ಬಾಗ್ಲು ನಮ್ದು, ಬೀಗ ನಮ್ದು. ಕಸ ಗುಡ್ಸೋದೂ ನಾವೇ.” ಬೀಗದ ಕೈ ಯಾರ ಹತ್ತಿರ ಎಂದು ಕೇಳಿದರು. ಇಬ್ಬರಿಗೂ ಒಂದೇ ಪಾಸ್‌ವರ್ಡು ಎಂದೆವು. “ಒಂದ್ ಬೀಗಕ್ಕೆ ಇಬ್ರಾ? ಏನಾದ್ರೂ ಕಳ್ದೋದ್ರೆ ಯಾರ್ನ ಕೇಳೋದು?” ಎಂದರು. ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದ ನಮಗೆ ಅದು ತಮಾಷೆಯಾಗಿ ಕಂಡಿತು. ಲೇತು ತಿರುಗಿಸುವವರಿಗೆ ಇದೆಲ್ಲಾ ಏನು ಗೊತ್ತು ಎಂದುಕೊಂಡೆವು. ಅವರಿಗೇ ಗೊತ್ತಿತ್ತು.

ಹತ್ತು ದಿನದ ಹಿಂದೆ ಅವರು ನಮ್ಮ ಮನೆಗೆ ಬಂದಿದ್ದರು. ನಿನಗೆ ಹೇಳಿರಲಾರರು. ಕುರ್ಚಿಯ ತುದಿಯಲ್ಲಿ ಕೂತು ಅಮ್ಮ ಕೊಟ್ಟ ಕಾಫಿ ಕುಡಿದರು. ಆಮೇಲೆ ಸಂಘದವರು ಹೊಸ ಸೈಟು ಮಾಡಿಸಬೇಕೆಂದಿದ್ದಾರೆ, ನೀನೇ ಮಾಡಿಕೊಡಮ್ಮ ಎಂದರು. “ಅಸ್ರಾ ಕೇಳ್ತಾವ್ಳೆ, ನಾನ್ ಮಾಡ್ಲಾ ಅಬ್ಬಾ, ಒಂದೇ ಒಂದ್ ಸಲ ಅಂತ. ನಾನೇ ಬ್ಯಾಡ ಅಂದ್ಬುಟ್ಟೆ. ಅವ್ಳ್ ಕೈಗ್ ಮಾತ್ರ ಕೊಡ್ಬ್ಯಾಡಮ್ಮ. ನಿನ್ ಹೆಸ್ರೂ ಕೆಡ್ಸಿದ್ಲು ಅವತ್ತು. ಮಾಫ್ ಮಾಡ್ಬುಡು.” ಅಷ್ಟು ಹೇಳಿ ಎದೆಯ ಮೇಲೆ ಕೈ ಇಟ್ಟುಕೊಂಡರು. ನನ್ನ ತಂದೆಯಷ್ಟು ವಯಸ್ಸಿನವರು, ನನ್ನ ಮುಂದೆ. ಥೂ, ಆ ಹೊತ್ತಿನಲ್ಲಿ ಭೂಮಿ ಬಾಯಿ ಬಿಡಬಾರದಾಗಿತ್ತೇ ಎನಿಸಿತು. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ.

ಈಗ ಆ ವಾರದ ವಿಷಯ. 2022ರ ಆಗಸ್ಟ್ ತಿಂಗಳು. ಸಂಘದ ಸೈಟನ್ನು ನೀನು ಹೊಸದಾಗಿ ಕಟ್ಟಿದ್ದೆ. ಬುಧವಾರ ಅದನ್ನು ಹೊಸ ಫೋಲ್ಡರಿಗೆ ಸಾಗಿಸಿದೆ. ಪುಟಗಳು ಮಾತ್ರ ಹೊಸದರಲ್ಲಿ, ಚಿತ್ರಗಳೆಲ್ಲ ಇನ್ನೂ ಹಳೆಯ ಫೋಲ್ಡರಿನಲ್ಲೇ ಇದ್ದವು. ಹೊಸ ಸೈಟು ಅಲ್ಲಿಂದಲೇ ಅವನ್ನು ಎತ್ತಿ ತೋರಿಸುತ್ತಿತ್ತು. ಇನ್ನೂರ ಹದಿನಾಲ್ಕು ಬೊಂಬೆಗಳ ಚಿತ್ರ. ಅದರಲ್ಲಿ ಅರವತ್ತು ಸಂಘದ ಹಿರಿಯ ಕುಶಲಕರ್ಮಿ ಬಿಸ್ಮಿಲ್ಲಾ ಚಾಚಾ ಕೈಯವು. ಅವರು ತೀರಿಹೋಗಿ ವರ್ಷವಾಗಿತ್ತು, ಬೊಂಬೆಗಳೂ ಮಾರಿಹೋಗಿದ್ದವು, ಉಳಿದಿದ್ದು ಆ ಚಿತ್ರ ಮಾತ್ರ. ಶುಕ್ರವಾರ ಬೆಳಗ್ಗೆ ನೋಡಿದರೆ ಬೊಂಬೆ ಇರಬೇಕಾದ ಕಡೆಯೆಲ್ಲ ಖಾಲಿ ಚೌಕ. ಹಳೆಯ ಫೋಲ್ಡರೇ ಇರಲಿಲ್ಲ.

ಶನಿವಾರ ನಿಮ್ಮ ವರ್ಕ್‌ಶಾಪಿನಲ್ಲಿ ಎಲ್ಲರೂ ಸೇರಿದ್ದರು. “ಬೀಗದ ಕೈ ಇದ್ದಿದ್ದು ನಿಮ್ಮಿಬ್ರತ್ರ. ಯಾರೋ ಒಬ್ರು ಒಪ್ಕೊಂಬುಡಿ, ಮುಗೀತದೆ” ಎಂದರು ಸಂಘದ ಚಿಕ್ಕಹನುಮಯ್ಯ. ನಾನು, ಮುಟ್ಟಿಲ್ಲ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಅವತ್ತು ಕದಿಯದ ನೀನು ಮುಟ್ಟಿ ನೋಡಿಕೊಂಡೆ. “ಆ ವಾರ ಕೆಲ್ಸ ಮಾಡ್ತಿದ್ದಿದ್ದು ನಾನೇ. ನನ್ ಕೈಯಿಂದ್ಲೇ ಆಗಿರ್ಬೇಕು” ಎಂದು ಅತ್ತೆ. ಅಲ್ಲಿಗೆ ಮುಗಿಯಿತು. ಭಾನುವಾರ ನಾನು ಪಾಸ್‌ವರ್ಡ್ ಬದಲಿಸಿ, ಸದ್ಯಕ್ಕೆ ನೀನು ಸರ್ವರಿಗೆ ಬರುವುದು ಬೇಡ ಎಂದು ಮೆಸೇಜು ಹಾಕಿದೆ. ನೀನು ನನ್ನ ನಂಬರ್ ಬ್ಲಾಕ್ ಮಾಡಿದೆ. ಈಗ ಹೈವೇ ಪಕ್ಕದ ಶೋರೂಮಿನಲ್ಲಿ ಬೊಂಬೆಗಳಿಗೆ ಚೀಟಿ ಅಂಟಿಸುತ್ತೀಯಂತೆ. ಡಿಪ್ಲೊಮಾದಲ್ಲಿ ಇಡೀ ಕ್ಲಾಸಿಗೆ ಸರ್ವರ್ ಪಾಠ ಹೇಳಿಕೊಟ್ಟವಳು ನೀನು. ಕಂಪ್ಯೂಟರ್ ಮುಂದೆ ಕೂತರೆ ಕೈ ನಡುಗುತ್ತದೆ ಎಂದು ಯಾರ ಹತ್ತಿರವೋ ಅಂದೆಯಂತೆ, ಕೇಳಿದೆ.

ಹತ್ತು ದಿನದ ಹಿಂದೆ ನಿನ್ನ ಅಬ್ಬಾ ನಮ್ಮ ಮನೆಯಿಂದ ಹೋದ ಮೇಲೆ ನಾನು ಹಳೆಯ ಲಾಗುಗಳನ್ನು ತೆಗೆದು ನೋಡಿದೆ. ಸಂಘದವರಿಗೂ ಅರ್ಥವಾಗಲಿ: ಸರ್ವರ್ ಒಳಕ್ಕೆ ಯಾರು ಬಂದರೂ, ಯಾವ ದಿನ, ಎಷ್ಟು ಗಂಟೆಗೆ, ಯಾವ ಕಡೆಯಿಂದ ಬಂದರು, ಏನು ಮಾಡಿದರು ಎಂದು ಅದು ತಾನಾಗಿಯೇ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿಗೇ ಲಾಗು ಎನ್ನುವುದು. ಅದರಲ್ಲಿ ಹೀಗಿತ್ತು. ಆಗಸ್ಟ್ 18, ಗುರುವಾರ, ಬೆಳಗ್ಗೆ ಹನ್ನೊಂದೂ ನಲವತ್ತು. ಬಂದಿದ್ದು ದೊಡ್ಡಮಳೂರಿನ ನಮ್ಮ ಮನೆಯ ಇಂಟರ್ನೆಟ್ಟಿನಿಂದ. ಹನ್ನೆರಡು ನಿಮಿಷದ ಮೇಲೆ ಹಳೆಯ ಫೋಲ್ಡರ್ ಅಳಿಸಲಾಗಿದೆ.

ನಾನೇ ಅಸ್ರಾ. ಅಳಿಸಿದ್ದು ನಾನೇ.

ಅವತ್ತು ಡಿಸ್ಕ್ ತುಂಬಿ ಎಲ್ಲಾ ಸೈಟುಗಳೂ ನಿಂತುಹೋಗಿದ್ದವು. ರೇಣುಕಾಪ್ರಸಾದ್ ನಾಲ್ಕು ಸಲ ಫೋನು ಮಾಡಿದ್ದರು. ಜಾಗ ಮಾಡಬೇಕಿತ್ತು. ಹಳೆಯದು ಎಂಬ ಹೆಸರಿನದೊಂದು ದೊಡ್ಡ ಫೋಲ್ಡರ್ ಕಣ್ಣಿಗೆ ಬಿತ್ತು, ತೆಗೆದುಹಾಕಿದೆ. ಸರ್ವರ್ ಎದ್ದಿತು. ನಾನು ಊಟಕ್ಕೆ ಹೋದೆ. ಚಿತ್ರಗಳು ಇನ್ನೂ ಅಲ್ಲೇ ಇವೆ, ಶನಿವಾರದವರೆಗೂ ಹಳೆಯದನ್ನು ಮುಟ್ಟಬೇಡ ಎಂದು ನೀನು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದೆ. ನಾನು ಹೂಂ ಹೂಂ ಎನ್ನುತ್ತಾ ಇನ್ನೇನೋ ಟೈಪ್ ಮಾಡುತ್ತಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಕಸ ತೆಗೆದೆನೆಂದುಕೊಂಡು ಅದನ್ನು ಮರೆತೇಬಿಟ್ಟಿದ್ದೆ.

ಇನ್ನೊಂದೂ ಇದೆ, ಅದನ್ನೂ ಬರೆದುಬಿಡುತ್ತೇನೆ. ವಾರಕ್ಕೊಮ್ಮೆ ಎಲ್ಲಾ ಸೈಟುಗಳ ನಕಲು ತೆಗೆದು ಮನೆಯ ಹಾರ್ಡ್ ಡಿಸ್ಕಿಗೆ ಹಾಕಿಡುವುದು ನನ್ನ ಪಾಲಿನ ಕೆಲಸ. ಸರ್ವರ್ ಒಳಗಿನ ನಕಲು ನಕಲೇ ಅಲ್ಲ, ಮನೆ ಸುಟ್ಟರೆ ಬೀರೂನೂ ಸುಡುತ್ತದೆ ಎಂದು ಹೇಳುತ್ತಿದ್ದವಳು ನೀನು. ಐದು ತಿಂಗಳಿಂದ ನಾನು ತೆಗೆದಿರಲಿಲ್ಲ. ನಾಳೆ, ನಾಳೆ ಎನ್ನುತ್ತಾ ಬಂದಿದ್ದೆ. ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ನಿಮ್ಮೆಲ್ಲರಿಗೂ ಹೇಳಿದೆನಲ್ಲ, ಅದು ಕೆಟ್ಟಿರಲಿಲ್ಲ. ಅದರಲ್ಲಿ ಏನೂ ಇರಲಿಲ್ಲ. ಇದ್ದಿದ್ದರೆ ಚಾಚಾ ಬೊಂಬೆಗಳು ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತಿದ್ದವು, ನೀನು ಅಳುವ ಪ್ರಮೇಯವೇ ಇರುತ್ತಿರಲಿಲ್ಲ.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ನೀನು.

ಈಗ ನಿನ್ನಿಂದ ಒಂದು ಕೆಲಸವಾಗಬೇಕು. ಸಂಘದ ಸೈಟನ್ನು ನಾನು ಒಪ್ಪಿಕೊಳ್ಳುತ್ತಿಲ್ಲ. ಅದನ್ನು ಮಾಡಬೇಕಾದವಳು ನೀನು. ಸರ್ವರನ್ನು ಹೊಸದಕ್ಕೆ ಬದಲಾಯಿಸಿದ್ದೇನೆ. ಇದರಲ್ಲಿ ಹಂಚಿಕೊಳ್ಳುವ ಪಾಸ್‌ವರ್ಡ್ ಇಲ್ಲ, ಒಬ್ಬೊಬ್ಬರಿಗೆ ಅವರವರ ಕಂಪ್ಯೂಟರಿನಲ್ಲೇ ಮಾಡಿಕೊಳ್ಳುವ ಅವರವರದೇ ಕೀಲಿ. ಯಾರು ಬಂದರು, ಯಾರು ಏನು ಮುಟ್ಟಿದರು ಎಂಬುದು ಹೆಸರಿನ ಸಮೇತ ದಾಖಲಾಗುತ್ತದೆ. ನಕಲು ಪ್ರತಿದಿನ ಬೇರೆ ಊರಿನ ಯಂತ್ರಕ್ಕೆ ತಾನಾಗಿಯೇ ಹೋಗುತ್ತದೆ, ನನ್ನ ಸೋಮಾರಿತನಕ್ಕೆ ಕಾಯುವುದಿಲ್ಲ. ನಿನ್ನ ಕೀಲಿ ಮಾಡಿ ಕಳಿಸಿದರೆ ಅವತ್ತೇ ಸೇರಿಸುತ್ತೇನೆ. ನನ್ನ ಜೊತೆ ಕೆಲಸ ಬೇಡವೆಂದರೆ ಇಡೀ ಸರ್ವರನ್ನೇ ನಿನಗೆ ಬಿಟ್ಟು ಹೊರಗೆ ಬರುತ್ತೇನೆ. ಕೈ ನಡುಗಿದರೆ ನಡುಗಲಿ ಕಣೆ. ಆ ಕೈ ಯಾವ ತಪ್ಪನ್ನೂ ಮಾಡಿಲ್ಲ.

ಬುಧವಾರ ಸಂಘದ ಸಭೆ ಇದೆಯಂತೆ. ಈ ನಾಲ್ಕು ಪುಟ ಅಲ್ಲಿ ಓದು. ಓದಲು ನಿನಗೆ ಆಗದಿದ್ದರೆ ಅಬ್ಬಾ ಕೈಗೆ ಕೊಡು, ಅವರು ನಿಧಾನವಾಗಿ ಓದುತ್ತಾರೆ. ಮೂರು ವರ್ಷದ ಹಿಂದೆ ಮಾಡಿದ್ದು ನನಗೆ ಹತ್ತು ದಿನದ ಹಿಂದಷ್ಟೇ ತಿಳಿಯಿತು. ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ ಎಂದು ಎಲ್ಲರಿಗೂ ಹೇಳು.

ಕ್ಷಮಿಸು ಎಂದು ಕೇಳುವುದಕ್ಕೂ ತ್ರಾಣವಿಲ್ಲ. ನಿನ್ನ ಉತ್ತರ ಬರದಿದ್ದರೂ ನನಗೆ ಅರ್ಥವಾಗುತ್ತದೆ.

ನಿನ್ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡ,
ನೇತ್ರಾ

ಮರೆತ ಮಾತು: ಮರೆತಿದ್ದಲ್ಲ. ಕವರು ಅಂಟಿಸಿ ಮತ್ತೆ ಹರಿದು ಈ ಹಾಳೆ ಸೇರಿಸುತ್ತಿದ್ದೇನೆ. ಸಂಘದವರಿಗೆ ತಿಳಿಯದಿರಬಹುದು, ನಿನಗೆ ಓದುತ್ತಿದ್ದ ಹಾಗೇ ತಿಳಿದಿರುತ್ತದೆ. ನಮ್ಮ ಸರ್ವರಿನಲ್ಲಿ ಲಾಗು ನಾಲ್ಕು ವಾರಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಹಳೆಯದನ್ನು ಅದೇ ಅಳಿಸುತ್ತಾ ಹೋಗುತ್ತದೆ. ಹಾಗೆ ಇಟ್ಟಿದ್ದೇ ನೀನು. ಮೂರು ವರ್ಷದ ಹಿಂದಿನ ಲಾಗು ಹತ್ತು ದಿನದ ಹಿಂದೆ ನನಗೆ ಎಲ್ಲಿಂದ ಸಿಗಬೇಕು? ಹತ್ತು ದಿನದ ಹಿಂದೆ ತಿಳಿಯಿತು ಎಂದು ಬರೆದಿದ್ದು ಸುಳ್ಳು; ಚಿತ್ರಗಳು ಕಾಣೆಯಾದ ಆ ಶುಕ್ರವಾರ ಬೆಳಗ್ಗೆಯೇ ತೆಗೆದು ನೋಡಿದ್ದೆ. ನೋಡಿ, ಅದರ ನಕಲನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಐದು ತಿಂಗಳು ಬೇರೆ ಯಾವ ನಕಲೂ ತೆಗೆಯದವಳು ಅದೊಂದನ್ನು ತೆಗೆದಿಟ್ಟೆ. ಎಸೆಯಲೂ ಧೈರ್ಯವಿಲ್ಲ, ತೋರಿಸಲೂ ಧೈರ್ಯವಿಲ್ಲ. ಮಧ್ಯಾಹ್ನ ನೀನು ಓಡಿಬಂದು ನನ್ನ ಪಕ್ಕ ಕೂತು, “ಲಾಗ್ ನೋಡ್ದೇನೆ? ನಾನೇ ಏನಾದ್ರೂ ಮಾಡ್ಬುಟ್ನಾ ನೇತ್ರಾ?” ಎಂದೆ. ಅದರಲ್ಲೇನೂ ಇಲ್ಲ ಕಣೆ, ನೀನೇ ಇರಬಹುದು ಎಂದೆ. ನೀನು ಅದನ್ನು ತೆರೆದು ನೋಡಲಿಲ್ಲ. ನನ್ನ ಮಾತೇ ನಿನಗೆ ಸಾಕಾಗಿತ್ತು. ಬುಧವಾರ ನಾನೂ ಬಂದು ಅಲ್ಲಿ ನಿಲ್ಲುತ್ತೇನೆ. ಆ ನಾಲ್ಕು ಪುಟ ಬೇಡ, ಅಬ್ಬಾ ಮುಂದೆ ಈ ಹಾಳೆಯನ್ನೇ ಓದು.