ಒಂದು ಶಾಲು, ಮೂವರು ಸಾಯಬಣ್ಣರು

ಭಾನುವಾರ, ಫೆಬ್ರವರಿ ೮. ವಿಕ್ರೋಳಿ.

ನಾಳೆ ಅಣ್ಣನ ಮಗನನ್ನು ತೊಟ್ಟಿಲಿಗೆ ಹಾಕುತ್ತೇವೆ. ಸೋದರತ್ತೆ ನಾನು, ಅವನ ಕಿವಿಯಲ್ಲಿ ಹೆಸರು ಹೇಳಬೇಕಾದವಳು. ವಾರದಿಂದ ಅವ್ವನದು ಒಂದೇ ಹಟ: "ಅಜ್ಜನ ಹೆಸರು ಬಿಟ್ಟು ಮತ್ಯಾರದ್ದು ಇಡ್ತಿ?" ಅಯ್ಯೋ, ನಮ್ಮ ಚಾಳಿನ ಸಾಲುಮನೆಗಳಲ್ಲಿ ಈಗಲೇ ಮೂವರು ಸಾಯಬಣ್ಣರಿದ್ದಾರೆ! ಒಬ್ಬ ಕುಸ್ತಿಯಲ್ಲಿ ಹೆಸರಾದವನು, ಒಬ್ಬರು ತತ್ವಪದ ಹಾಡುವವರು, ಇನ್ನೊಬ್ಬ ನೆಲಕ್ಕೆ ಫರಸಿ ಕಲ್ಲು ಕೂಡಿಸುವ ನಮ್ಮಪ್ಪ, ಅಂದರೆ ಕೂಸಿನ ಅಜ್ಜ.

ಇವತ್ತು ಕನ್ನಡ ಸಂಘದಲ್ಲಿ ಸನ್ಮಾನವಿತ್ತು. "ಸಾಯಬಣ್ಣನವರು ವೇದಿಕೆಗೆ ಬರಬೇಕು" ಎಂದು ಮೈಕಿನಲ್ಲಿ ಕೂಗಿದ್ದೇ ತಡ, ಮೂವರೂ ಹೋಗಿ ನಿಂತರು. ತಂದಿದ್ದ ಶಾಲು ಒಂದೇ, ಅದೂ ಹಾಡುಗಾರರಿಗೆ. ಅಪ್ಪ ನಾಚಿ ಇಳಿಯಲು ಹೊರಟ. ಆಗ ಪೈಲ್ವಾನ ಅಪ್ಪನ ಕೈ ಹಿಡಿದ.

"ಎಲ್ಲಿ ಹೊಂಟಿ ಕಾಕಾ? ನೀ ಕೂಡ್ಸಿದ ಫರಸಿ ಮ್ಯಾಲೇ ನಾವು ನಿಂತೀವಿ!"

ಹಾಡುಗಾರರು ನಗುತ್ತಾ ಶಾಲನ್ನು ಮೂವರ ಹೆಗಲಿಗೂ ಎಳೆದರು. ಪೈಲ್ವಾನನ ಬೆನ್ನಿಗೇ ಅರ್ಧ ಹೋಯಿತು. ಅಪ್ಪನಿಗೆ ಸಿಕ್ಕಿದ್ದು ಬರೀ ಅಂಚು. ಅದನ್ನು ಅವನು ಹಿಡಿದುಕೊಂಡ ರೀತಿ, ಮನೆಗೆ ಬರುವವರೆಗೂ ಆ ಕೈಯನ್ನೇ ನೋಡುತ್ತಿದ್ದ ರೀತಿ...

ನಾನು ಆರಿಸಿಟ್ಟ ಹೆಸರು ಆರವ್. ಚೆನ್ನಾಗಿಯೇ ಇದೆ. ಆದರೂ ನಾಳೆ ಕಿವಿಯಲ್ಲಿ ಸಾಯಬಣ್ಣ ಎಂದೇ ಹೇಳುತ್ತೇನೆ. ಸಂಘದವರು ಇನ್ನು ಮೇಲೆ ಉದ್ದನೆಯ ಶಾಲು ತರಲಿ.