ನಮ್ಮ ಗಂಡಿಗೆ ನಿಮ್ಮ ಹಿತ್ತಲ ಹೆಣ್ಣು

ಬಡಿಗೇರ ಓಣಿ, ಹಾವೇರಿ
ಕ್ರಿಸ್ತಶಕ ಎರಡು ಸಾವಿರದ ನೂರಾ ಎಪ್ಪತ್ತೆಂಟು, ಆರಿದ್ರಾ ಮಳೆ ಬರಬೇಕಾಗಿದ್ದ ವಾರ

ನೂರೈವತ್ತು ವರ್ಷ ಹಿಂದೆ ಕೂತಿರುವ ಬೀಗರೇ,

ಪರದೆ ಏಳುವ ಮುನ್ನ ಒಂದು ಕ್ಷಮೆ. ನನ್ನ ಕೆಲವು ಶಬ್ದ ನಿಮಗೆ ತಿಳಿಯಲಿಕ್ಕಿಲ್ಲ, ಬೀಗರೆಂದು ಕರೆದದ್ದೂ ವಿಚಿತ್ರ ಅನ್ನಿಸೀತು. ಶಬ್ದಗಳ ಅರ್ಥ ಹೇಳುತ್ತಾ ಹೋಗುತ್ತೇನೆ, ಬೀಗತನದ ಕಾರಣ ತಾನಾಗಿ ತಿಳಿದೀತು. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವವಳಲ್ಲ. ನಾನು ನೀಲಗಂಗಾ ಕಮ್ಮಾರ, ನಾಟಕ ಕಂಪನಿಯ ಮನೆತನದವಳು. ಮೈಕಿಲ್ಲದೆ ಕಡೆಯ ಬೆಂಚಿಗೆ ಮುಟ್ಟುವ ಗಂಟಲು ನಮ್ಮದು. ನೀವು ಕೂತಿರುವುದು ಆ ಬೆಂಚಿಗಿಂತ ದೂರ. ಆದ್ದರಿಂದ ಒದರಿಯೇ ಹೇಳುತ್ತೇನೆ!

ನಮ್ಮಲ್ಲಿ ಸಂಜೆಯಾದರೆ ಊರಿಗೆ ಊರೇ ಮೈಬಲೆ ತೊಡುತ್ತದೆ. ಅಂದರೆ ನೆತ್ತಿಯಿಂದ ಹಿಮ್ಮಡದ ತನಕ ಸೊಳ್ಳೆಪರದೆಯ ಅಂಗಿ. ಮದುಮಗಳಿಗೂ ಅದೇ, ಹೆಣ ಹೊರುವವರಿಗೂ ಅದೇ. ಬಾಯಿಯ ಹತ್ತಿರದ ಗುಂಡಿ ಬಿಚ್ಚಿ, ತುತ್ತು ಒಳಗೆ ತಳ್ಳಿ, ಗುಂಡಿ ಹಾಕಿ ಅಗಿಯುತ್ತೇವೆ. ಮಳೆಗಾಲ ಬಂತೆಂದರೆ ಬೀದಿಕಂಬದ ಮೇಲಿನ ವಟಪೆಟ್ಟಿಗೆ ಶುರುವಾಗುತ್ತದೆ. ನಿಮ್ಮ ಕಾಲದವರು ಯಾರೋ ಹಿಡಿದಿಟ್ಟ ಕಪ್ಪೆಗಳ ಕೂಗು ಅದರೊಳಗಿದೆ. ಅದು ಒದರದಿದ್ದರೆ ನಮ್ಮ ಮುದುಕರು ಮುಂಗಾರನ್ನು ನಂಬುವುದಿಲ್ಲ. ಕಪ್ಪೆ ಹೋದವು, ಕೂಗು ಉಳಿಯಿತು. ಉಳಿದದ್ದು ಇನ್ನೊಂದಿದೆ: ಕಪ್ಪೆ ಮದುವೆ! ಮಳೆ ತಪ್ಪಿದರೆ ಇಂದಿಗೂ ಎರಡು ರಬ್ಬರ್ ಕಪ್ಪೆಗಳಿಗೆ ಬಾಸಿಂಗ ಕಟ್ಟಿ, ಅಕ್ಷತೆ ಹಾಕಿ, ಹಲಗೆ ಬಡಿಯುತ್ತಾ ಓಣಿ ತುಂಬ ಮೆರೆಸುತ್ತಾರೆ.

ಭಲೆ ಬೀಗರೇ, ಭಲೆ! ಬರ ಬಂದಾಗ ಕಪ್ಪೆಯ ತಲೆಗೆ ಬಾಸಿಂಗ, ಮಳೆ ಬಂದಾಗ ಅದರ ಮೈಮೇಲೆ ಫಿನಾಯಿಲು! ಹಿತ್ತಲಿಗೆಲ್ಲ ಸಿಮೆಂಟು ಬಳಿದಿರಿ. ಉದುರಿದ ಎಲೆಗೆ ಬೆಂಕಿಯಿಟ್ಟಿರಿ. ಹಾವು ಬಂದೀತೆಂದು ಕಾಂಪೌಂಡಿನ ಕಿಂಡಿಗೆ ಗಾರೆ ತುಂಬಿದಿರಿ. ಮದುವೆ ಮಾಡಿಸಿದ ಜೋಡಿಗೆ ಬಾಳುವೆ ಮಾಡಲು ಒಂದು ಹಿಡಿ ಕೆಸರು ಬಿಡದ ಧರ್ಮಾತ್ಮರು ನೀವು!

ನಾನು ಹಾರೆ ಹಿಡಿದು ನನ್ನ ಹಿತ್ತಲಿನ ಆ ಸಿಮೆಂಟು ಒಡೆದೆ. ಹೊಂಡ ತೋಡಿದೆ, ದೊಡ್ಡದೇನಲ್ಲ, ಎಮ್ಮೆಯೊಂದು ಮಲಗುವಷ್ಟು. ಒಂದು ಬದಿ ಇಳಿಜಾರು ಬಿಟ್ಟೆ, ಬಿದ್ದದ್ದು ಹತ್ತಿ ಬರಲೆಂದು. ಮೀನು ಬಿಡಲಿಲ್ಲ, ಮೊಟ್ಟೆ ತಿಂದಾವೆಂದು. ಔಷಧ ಹಾಕಿದ ನಲ್ಲಿ ನೀರು ಸುರಿಯದೆ ಮಾಳಿಗೆಯ ಮಳೆನೀರು ಇಳಿಸಿದೆ. ದಂಡೆಗೆ ಜೇಕಿನ ಹುಲ್ಲು, ನೆರಳಿಗೆ ಕೆಸುವಿನ ಗಿಡ, ಅಡಗಲು ಬಾಯೊಡೆದ ಗಡಿಗೆಗಳನ್ನು ಬೋರಲು ಹಾಕಿದೆ. ಓಣಿ ನಕ್ಕಿತು. ಯಾವ ನಾಟಕದ ಸೀನು ಇದವ್ವ ಅಂದಿತು. ವರ್ಷಗಟ್ಟಲೆ ಬರೀ ನೀರು, ಬರೀ ಎಲೆ.

ಈ ರೋಹಿಣಿ ಮಳೆಗೆ ಅವನು ಬಂದ! ಗೂಳಿಗಪ್ಪೆ. ಯಾವ ಗಟಾರದಲ್ಲಿ ಜೀವ ಹಿಡಿದಿದ್ದನೋ! ನೀರು ಬಿದ್ದದ್ದೇ ತಡ, ಮಣ್ಣುಬಣ್ಣದ ಮೈ ಅರಿಶಿನದ ಕೊಂಬಿನಂತೆ ಹಳದಿಯಾಯಿತು, ಗಲ್ಲದ ಎರಡೂ ಕಡೆ ನೀಲಿ ಗಾಳಿಚೀಲ ಉಬ್ಬಿತು. ಯಾರೂ ಅರಿಶಿನ ಹಚ್ಚದೆ ತಾನೇ ಮದುಮಗನಾದ. ಎಪ್ಪತ್ತು ದಾಟಿದವಳು ನಾನು, ರಂಗದ ಮೇಲೆ ಅಂಥ ಪ್ರವೇಶ ನೋಡಿಲ್ಲ. ಆದರೆ ಹೊಂಡದಲ್ಲಿ ಹೆಣ್ಣಿಲ್ಲ. ಕಂಬದ ಪೆಟ್ಟಿಗೆ ಕೂಗಿದಾಗಲೆಲ್ಲ ಇವನು ಮರುಕೂಗು ಹಾಕಿ ಕಾಯುತ್ತಾನೆ. ಪೆಟ್ಟಿಗೆಯಿಂದ ಯಾರು ಇಳಿದು ಬರಬೇಕು?

ರೋಹಿಣಿಯ ನಂತರ ಹನಿ ಬೀಳಲಿಲ್ಲ. ನಿನ್ನೆ ಓಣಿಯ ಹಿರಿಯ ತಿರಕಪ್ಪಜ್ಜ ಹಲಗೆಯವರನ್ನು ಕಟ್ಟಿಕೊಂಡು ಬಾಗಿಲಿಗೆ ಬಂದ. ಈ ಸಲ ಖರೇ ಕಪ್ಪೆಗೇ ಮದುವೆಯಂತೆ, ಹೆಣ್ಣು ಮಾತ್ರ ರಬ್ಬರಿನದಂತೆ! ಚರ್ಮದಿಂದಲೇ ನೀರು ಕುಡಿಯುವ ಜೀವಕ್ಕೆ ಅಂಗಡಿಯ ಕುಂಕುಮ ಮೆತ್ತಿ ಬಿಸಿಲಲ್ಲಿ ಮೆರೆಸಿದರೆ ಸಂಜೆಗೆ ಅವನು ಹೆಣ. ಕಂಪನಿಯ ಕಟ್ಟಿಗೆಯ ಗದೆ ಹಿಡಿದು ಹೊಸ್ತಿಲಿಗೆ ಅಡ್ಡ ನಿಂತು ಗುಡುಗಿದೆ. ಹಲಗೆಯವರು ಹಿಂದೆ ಸರಿದರು, ಅಜ್ಜ ಸರಿಯಲಿಲ್ಲ.

“ಒದರಬ್ಯಾಡ ಬೇ ನೀಲಗಂಗಾ, ಗದಿಗೆ ಬಣ್ಣಾನ ಹೋಗೈತಿ. ನಮ್ಮ ಹುಡುಗರ ಬಾಯಾಗೂ ನೀರಿಲ್ಲ. ನಿನ್ನ ಹೊಂಡದಾಗ ಹೆಣ್ಣು ತೋರಿಸು, ಅಲ್ಲೇ ಅಕ್ಕಿಕಾಳು ಹಾಕಿ ಹೋಗ್ತೀವಿ. ಇಲ್ಲಂದ್ರ ಸೋಮವಾರ ಗಂಡನ್ನ ಕೊಡು.”

ಗದೆಯನ್ನು ಗೋಡೆಗೆ ಒರಗಿಸಿದೆ. ಸಿಟ್ಟೆಲ್ಲ ನಿಮ್ಮ ಪಾಲಿಗೆ ಎತ್ತಿಟ್ಟೆ.

ಆದ್ದರಿಂದ ಹೆಣ್ಣು ಕೇಳುತ್ತಿದ್ದೇನೆ, ಬೀಗರೇ. ನಿಮ್ಮ ಹಿತ್ತಲಲ್ಲಿ ಅವಳಿನ್ನೂ ಇದ್ದಾಳೆ, ಪೊರಕೆಯಿಂದ ಆಚೆ ತಳ್ಳುತ್ತೀರಲ್ಲ, ಅವಳೇ. ತಳ್ಳಬೇಡಿ! ಹಾರೆ ಎತ್ತಿ, ಹೊಂಡ ತೋಡಿ, ಎಲೆ ಕೊಳೆಯಲು ಬಿಡಿ, ಗೋಡೆಯ ಬುಡದಲ್ಲಿ ಅಂಗೈಯಗಲದ ಕಿಂಡಿ ತೆರೆಯಿರಿ. ಅವಳ ವಂಶ ಹಿತ್ತಲಿಂದ ಹಿತ್ತಲಿಗೆ ಕುಪ್ಪಳಿಸುತ್ತಾ ನನ್ನ ಓಣಿ ಮುಟ್ಟಲಿ. ವರದಕ್ಷಿಣೆ ಬೇಡ, ಹಲಗೆ ಬೇಡ, ಬಾಸಿಂಗವೂ ಬೇಡ.

ನಿಮಗೆ ನೂರೈವತ್ತು ವರ್ಷ ಸಮಯವಿದೆ. ನನಗೆ ಸೋಮವಾರದ ತನಕ.

ಗಂಡಿನ ಕಡೆಯವಳು,
ನೀಲಗಂಗಾ